ಜೋಳಕ್ಕೆಂದು ತೋಡಿದ ಕಾಲುವೆ, ಭತ್ತ ಕಟ್ಟಿದ ನಗರ

ಸಂತೆಕಲ್ಲೂರಿನಿಂದ ಮಸ್ಕಿಗೆ ಬನ್ನಿ, ಮಸ್ಕಿಯಿಂದ ಸಿಂಧನೂರಿನ ಹೆದ್ದಾರಿ ಹಿಡಿಯಿರಿ. ಅಕ್ಟೋಬರ್ ತಿಂಗಳಾದರೆ ಇನ್ನೂ ಒಳ್ಳೆಯದು. ಮೊದಲು ಎರಡೂ ಕಡೆ ತೊಗರಿ, ಹತ್ತಿ, ಸಜ್ಜೆ ಕೊಯ್ದ ಬೋಳು ಹೊಲ, ನಡುನಡುವೆ ಆನೆಗಾತ್ರದ ಬಂಡೆಗಳ ಗುಡ್ಡ, ಬಂಡೆಯ ಸಂದಿಯಲ್ಲಿ ಜಾಲಿ. ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ ಎನ್ನುವ ನೆಲ. ಹಾಗೆಯೇ ಸಾಗುತ್ತಿರುವಾಗ ರಸ್ತೆ ಎಲ್ಲೋ ಒಂದು ಕಡೆ ಕಾಲುವೆಯ ಸೀಮೆಗೆ ಇಳಿಯುತ್ತದೆ, ಅಷ್ಟೇ! ಕಣ್ಣು ಹಾಯುವವರೆಗೆ ಹಸಿರು. ತೆನೆ ಬಾಗಿದ ಭತ್ತ, ಬದುವಿನ ಮೇಲೆ ಬೆಳ್ಳಕ್ಕಿ, ಗದ್ದೆಯಿಂದ ಗದ್ದೆಗೆ ಇಳಿಯುವ ನೀರು. ಒಂದು ತಾಸೂ ಹಿಡಿಯದ ದಾರಿಯಲ್ಲಿ ಬಯಲುಸೀಮೆ ಮುಗಿದು ಇನ್ನೊಂದು ಲೋಕವೇ ತೆರೆದುಕೊಳ್ಳುತ್ತದೆ. ರಾಯಚೂರು ಜಿಲ್ಲೆ ಎಂದರೆ ಬಿಸಿಲು, ಬರ, ಗುಳೆ ಎಂದಷ್ಟೇ ಓದಿಕೊಂಡವರು ಈ ಗೆರೆಯನ್ನು ಒಮ್ಮೆ ಕಣ್ಣಾರೆ ದಾಟಬೇಕು.

ಗೆರೆ ದಾಟಿದ ಮೇಲೆ ಊರು ಬರುತ್ತದೆ. ಎಂಥ ಊರು! ಗಾಂಧಿ ಸರ್ಕಲ್ಲಿನಲ್ಲಿ ನಿಂತರೆ ರಾಯಚೂರು, ಗಂಗಾವತಿ, ಕುಷ್ಟಗಿ, ಮಸ್ಕಿ ಎಂದು ನಾಲ್ಕೂ ದಿಕ್ಕಿನಿಂದ ಲಾರಿ, ಟ್ರ್ಯಾಕ್ಟರ್, ಟಂಟಂ, ಬಸ್ಸು ನುಗ್ಗಿ ಬರುತ್ತಲೇ ಇರುತ್ತವೆ. ಬೇರೆ ಊರುಗಳಲ್ಲಿ ಕಾರಿನ ಶೋರೂಮು ಇರುವ ಜಾಗದಲ್ಲಿ ಇಲ್ಲಿ ಟ್ರ್ಯಾಕ್ಟರಿನ ಶೋರೂಮು. ಕೆಂಪು, ನೀಲಿ, ಹಸಿರು, ಕಿತ್ತಳೆ ಎಂದು ಬಣ್ಣಬಣ್ಣದ ಹೊಸ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತವೆ. ಟ್ರ್ಯಾಕ್ಟರ್ ಮಾರಾಟ ಎಂದರೆ ಸಿಂಧನೂರು ಎನ್ನುವ ಮಾತು ಈ ಭಾಗದಲ್ಲಿ ಎಷ್ಟು ಹಳೆಯದೆಂದರೆ, ಅದನ್ನು ಹೇಳುವಾಗ ಯಾರೂ ಜಂಬ ಕೂಡ ಪಡುವುದಿಲ್ಲ. ಪಕ್ಕದಲ್ಲೇ ಗೊಬ್ಬರದಂಗಡಿ, ಔಷಧದಂಗಡಿ, ಬೀಜದಂಗಡಿ, ಬೆಲ್ಟ್ ಮತ್ತು ಬೇರಿಂಗ್ ಅಂಗಡಿ, ತಾಡಪತ್ರಿ ಅಂಗಡಿ, ಬ್ಯಾಂಕು, ಫೈನಾನ್ಸು, ಲಾಡ್ಜು, ಚಿನ್ನದಂಗಡಿ. 2001ರ ಜನಗಣತಿಯಲ್ಲಿ 60 ಸಾವಿರ ದಾಟಿದ್ದ ಊರು 2011ಕ್ಕೆ ಮುಕ್ಕಾಲು ಲಕ್ಷದ ಹತ್ತಿರ ಬಂತು. ಪುರಸಭೆ ನಗರಸಭೆಯಾಯಿತು. ಆಮೇಲೆ ಎದ್ದ ಬಡಾವಣೆಗಳನ್ನು ನೋಡಿದರೆ ಆ ಅಂಕಿ ಎಂದೋ ಹಳತಾಗಿದೆ ಎಂದು ಯಾರಿಗಾದರೂ ಗೊತ್ತಾಗುತ್ತದೆ.

ದೊಡ್ಡ ಉಕ್ಕಿನ ಕಾರ್ಖಾನೆ ಇಲ್ಲಿಲ್ಲ, ಐಟಿ ಪಾರ್ಕಿಲ್ಲ, ವಿಮಾನ ನಿಲ್ದಾಣವಿಲ್ಲ. 2024ರವರೆಗೆ ರೈಲೂ ಇರಲಿಲ್ಲ! ಹಾಗಾದರೆ ಇಷ್ಟೊಂದು ದುಡ್ಡು, ಇಷ್ಟೊಂದು ಓಡಾಟ, ಇಷ್ಟೊಂದು ಯಂತ್ರ ಎಲ್ಲಿಂದ ಬಂತು? ಒಂದೇ ಒಂದು ಕಾಳಿನಿಂದ. ಸಿಂಧನೂರಿನಲ್ಲಿ ಯಾವ ಅಂಗಡಿಯ ಹೊಸ್ತಿಲು ತುಳಿದರೂ, ಯಾವ ವರ್ಕ್‌ಶಾಪಿನ ಬೆಂಕಿಯ ಕಿಡಿ ನೋಡಿದರೂ, ಆ ಎಳೆ ಹಿಡಿದು ಹೊರಟರೆ ಕೊನೆಗೆ ಸಿಗುವುದು ನೆಲ್ಲು. ಭತ್ತಕ್ಕೆ ಈ ಸೀಮೆಯ ಹೆಸರದು.

ಊರ ಹೊರಗಿನ ರಸ್ತೆಗಳ ಇಕ್ಕೆಲದಲ್ಲಿ ಎತ್ತರದ ಚಿಮಣಿಗಳು ಕಾಣುತ್ತವಲ್ಲ, ಅವೇ ರೈಸ್‌ಮಿಲ್ಲುಗಳು. ಒಂದರ ಒಳಗೆ ಹೋಗೋಣ ಬನ್ನಿ. ಗೇಟಿನಲ್ಲಿ ವೇಬ್ರಿಡ್ಜ್, ಅದರ ಮೇಲೆ ಭತ್ತದ ಲಾರಿ. ಖರೀದಿಗೆ ಕೂತವರು ಚೀಲದೊಳಗಿಂದ ಒಂದು ಹಿಡಿ ಕಾಳು ತೆಗೆದು, ಅಂಗೈಯಲ್ಲಿ ತಿಕ್ಕಿ, ಊದಿ, ಒಂದೆರಡನ್ನು ಹಲ್ಲಿಗೆ ಕೊಟ್ಟು ನೋಡುತ್ತಾರೆ. ತೇವದ ಮೀಟರ್ ಮೇಜಿನ ಮೇಲೇ ಇದೆ. ಆದರೂ ಮೊದಲ ತೀರ್ಪು ಹಲ್ಲಿನದು! ಹಸಿ ಕಾಳು ಹಲ್ಲಿಗೆ ಮೆತ್ತಗೆ ಸಿಗುತ್ತದೆ, ಒಣಗಿದ ಕಾಳು ಕಟಕ್ಕೆಂದು ಮುರಿಯುತ್ತದೆ. ನೂರಕ್ಕೆ 14ರ ಆಸುಪಾಸು ತೇವ ಇದ್ದರೆ ಮಿಲ್ಲಿಗೆ ಸರಿ. ಕಟಾವು ಯಂತ್ರದಿಂದ ನೇರ ಬಂದ ಭತ್ತದಲ್ಲಿ 20ಕ್ಕೂ ಮೇಲಿರುವುದುಂಟು. ಸುಗ್ಗಿಯಲ್ಲಿ ಹೆದ್ದಾರಿಯ ಅರ್ಧಭಾಗ ಕಣವಾಗುವುದು, ಕಿಲೋಮೀಟರುಗಟ್ಟಲೆ ತಾಡಪತ್ರಿಯ ಮೇಲೆ ಹಳದಿ ಭತ್ತ ಹರಡಿರುವುದು, ಹೆಂಗಸರು ಬರಿಗಾಲಲ್ಲಿ ಅದರೊಳಗೆ ಗೆರೆ ಎಳೆಯುತ್ತ ನಡೆಯುವುದು ಇದೇ ಕಾರಣಕ್ಕೆ.

ಮಿಲ್ಲಿನೊಳಗೆ ಭತ್ತ ಬೆಲ್ಟಿನ ಬಕೆಟ್ಟುಗಳನ್ನೇರಿ ನಾಲ್ಕು ಅಂತಸ್ತಿನಷ್ಟು ಎತ್ತರಕ್ಕೆ ಹೋಗುತ್ತದೆ. ಜರಡಿಯಲ್ಲಿ ಕಸ, ಕಲ್ಲು, ಮಣ್ಣು ಕಳೆದುಕೊಳ್ಳುತ್ತದೆ. ಆಮೇಲೆ ಎರಡು ರಬ್ಬರ್ ರೋಲರುಗಳ ನಡುವೆ ಬೀಳುತ್ತದೆ. ಒಂದು ರೋಲರು ಜೋರಾಗಿ, ಇನ್ನೊಂದು ನಿಧಾನವಾಗಿ, ಎದುರುಬದುರಾಗಿ ತಿರುಗುತ್ತವೆ. ಕಾಳು ನುಜ್ಜಾಗುವುದಿಲ್ಲ, ಎರಡರ ವೇಗದ ವ್ಯತ್ಯಾಸಕ್ಕೇ ಸಿಪ್ಪೆ ಸೀಳಿಕೊಂಡು ಕಳಚುತ್ತದೆ. ಹಗುರಾದ ಹೊಟ್ಟು ಗಾಳಿಗೆ ಹಾರುತ್ತದೆ, ಕಂದು ಅಕ್ಕಿ ಕೆಳಗಿಳಿಯುತ್ತದೆ. ಸಿಪ್ಪೆ ಕಳಚದೆ ಉಳಿದ ಕಾಳು ಅಲುಗಾಡುವ ಹಲಗೆಗಳ ಮೇಲೆ ತಾನಾಗಿಯೇ ಬೇರೆಯಾಗಿ ಮತ್ತೆ ರೋಲರಿನ ಬಾಯಿಗೆ ಹೋಗುತ್ತದೆ. ಪಾಲಿಶಿನಲ್ಲಿ ತೌಡು ಉದುರುತ್ತದೆ. ಇಷ್ಟಾದ ಮೇಲೆ ಬರುವುದು ಸಾರ್ಟೆಕ್ಸ್ ಕೋಣೆ. ಇಡೀ ಮಿಲ್ಲು ಧೂಳಿನಲ್ಲಿ ಮುಳುಗಿದ್ದರೂ ಈ ಕೋಣೆ ಮಾತ್ರ ಏಸಿ ಹಾಕಿಕೊಂಡು ತಣ್ಣಗಿರುತ್ತದೆ. ಅಕ್ಕಿ ಇಲ್ಲಿ ಜಾರುಹಲಗೆಯ ಮೇಲಿಂದ ಬಿಳಿ ಪರದೆಯಂತೆ ಇಳಿಯುತ್ತದೆ. ಕ್ಯಾಮೆರಾಗಳು ಒಂದೊಂದು ಕಾಳನ್ನೂ ನೋಡುತ್ತವೆ. ಒಂದೊಂದು ಕಾಳನ್ನೂ! ಕಪ್ಪು ಚುಕ್ಕೆಯದೋ ಹಳದಿ ತಿರುಗಿದ್ದೋ ಕಂಡಿತೋ, ಗುಂಡುಸೂಜಿಯಷ್ಟು ಸಣ್ಣ ತೂತಿನಿಂದ ಗಾಳಿ ಚಿಮ್ಮಿ ಅದೊಂದನ್ನೇ ಹೊಡೆದು ಪಕ್ಕಕ್ಕೆ ಕೆಡವುತ್ತದೆ. ಅಕ್ಕಪಕ್ಕದ ಕಾಳು ಅಲುಗುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ತೀರ್ಮಾನ. ಬೆಂಗಳೂರಿನ ಅಡುಗೆಮನೆಯಲ್ಲಿ ಸೋನಾ ಮಸೂರಿ ಚೀಲ ಬಿಚ್ಚಿ, ಮೊರದಲ್ಲಿ ಆರಿಸದೆಯೇ ಕುಕ್ಕರಿಗೆ ಹಾಕುವವರಿಗೆ ಈ ಕೋಣೆಯನ್ನು ಒಮ್ಮೆ ತೋರಿಸಬೇಕು ಅನ್ನಿಸುತ್ತದೆ.

ನೂರು ಕಿಲೋ ಭತ್ತಕ್ಕೆ ಹೆಚ್ಚುಕಡಿಮೆ 65 ಕಿಲೋ ಅಕ್ಕಿ. ಉಳಿದದ್ದು ದಂಡ ಎಂದುಕೊಂಡಿರಾ? ಹೊಟ್ಟು ಬಾಯ್ಲರಿಗೆ ಹೋಗಿ ಅದೇ ಮಿಲ್ಲಿನ ಉಗಿಯಾಗುತ್ತದೆ, ಆ ಉಗಿಯಿಂದಲೇ ಮುಂದಿನ ಭತ್ತ ಬೇಯುತ್ತದೆ, ಒಣಗುತ್ತದೆ. ತೌಡು ಎಣ್ಣೆ ಗಿರಣಿಗೆ ಹೋಗಿ ಅಡುಗೆ ಎಣ್ಣೆಯಾಗುತ್ತದೆ, ಎಣ್ಣೆ ತೆಗೆದ ಮೇಲೂ ಉಳಿದ ಹಿಂಡಿ ದನಕ್ಕೆ. ನುಚ್ಚಿಗೆ ಬೇರೆ ಗಿರಾಕಿ, ಬಣ್ಣಗೆಟ್ಟ ಕಾಳಿಗೆ ಬೇರೆ ಗಿರಾಕಿ, ಬೂದಿಗೂ ಗಿರಾಕಿ! ಕಾಳಿನ ಯಾವ ಭಾಗವೂ ಮಾರಾಟವಾಗದೆ ಈ ಊರು ದಾಟುವುದಿಲ್ಲ.

ಇದೊಂದೇ ಅಲ್ಲ. ಗದ್ದೆ ಕೆಸರು ಮಾಡಲು ಟ್ರ್ಯಾಕ್ಟರಿಗೆ ರಬ್ಬರ್ ಚಕ್ರ ಸಾಲದು, ಕಬ್ಬಿಣದ ಕೇಜ್‌ವೀಲ್ ಬೇಕು. ಅದನ್ನು ಬೆಸುಗೆ ಹಾಕುವ ಶೆಡ್ಡುಗಳಿವೆ. ಟ್ರಾಲಿ ಕಟ್ಟುವವರಿದ್ದಾರೆ. ಕಟಾವಿನ ಹೊತ್ತಿಗೆ ಪಂಜಾಬಿನಿಂದ, ತಮಿಳುನಾಡಿನಿಂದ ಭತ್ತ ಕೊಯ್ಯುವ ಯಂತ್ರಗಳು ಡ್ರೈವರುಗಳ ಸಮೇತ ಬಂದಿಳಿಯುತ್ತವೆ. ಅವರಿಗೆ ರೊಟ್ಟಿ, ಅವರಿಗೆ ಅನ್ನ, ಅವರ ಯಂತ್ರಕ್ಕೆ ಬಿಡಿಭಾಗ, ಅವರ ಫೋನಿಗೆ ರೀಚಾರ್ಜು! ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ದಲಾಲಿ ಅಂಗಡಿಗಳು, ಹಮಾಲರ ಸಂಘಗಳು. ಇಲ್ಲಿ ಭತ್ತದ ರೇಟನ್ನು ಕ್ವಿಂಟಲಿಗೆ ಕೇಳಿದರೆ ಎದುರಿಗಿದ್ದವರು ಒಂದು ಗಳಿಗೆ ತಡವರಿಸುತ್ತಾರೆ, ಏಕೆಂದರೆ ಅವರ ಲೆಕ್ಕ ಇರುವುದು 75 ಕಿಲೋ ಚೀಲಕ್ಕೆ. ಎಕರೆಗೆ ಎಷ್ಟು ಚೀಲ, ಚೀಲಕ್ಕೆ ಎಷ್ಟು ರೂಪಾಯಿ. ಮದುವೆ, ಮನೆ, ಮಗಳ ಕಾಲೇಜು ಎಲ್ಲವೂ ಈ ಎರಡು ಅಂಕಿಗಳ ಗುಣಾಕಾರ. ನಾಟಿಯ ದಿನಗಳಲ್ಲಿ ಬೆಳಕು ಹರಿಯುವ ಮೊದಲೇ ಟಂಟಂ ತುಂಬ ಹೆಂಗಸರು ಗದ್ದೆಗೆ ಹೊರಡುತ್ತಾರೆ. ಎಕರೆಗೆ ಇಷ್ಟೆಂದು ಗುತ್ತಿಗೆ ಮಾತಾಡಿಕೊಂಡು, ಗುಂಪುಗುಂಪಾಗಿ, ಸೊಂಟ ಬಾಗಿಸಿ, ಕೆಸರಿನಲ್ಲಿ ಹಿಂದೆ ಹಿಂದೆ ಹೆಜ್ಜೆಯಿಡುತ್ತ ನೆಡುತ್ತಾರೆ. ನಗರದ ಎಲ್ಲ ಚಿಮಣಿಗಳ ಬುಡ ಅಲ್ಲಿದೆ, ಆ ಬಾಗಿದ ಬೆನ್ನುಗಳಲ್ಲಿ. ಇದನ್ನು ಬರೆಯದೆ ಸಿಂಧನೂರಿನ ಏಳಿಗೆಯನ್ನು ಬರೆಯಬಾರದು.

ಇನ್ನು ನಿಜವಾದ ಬೆರಗು ಕೇಳಿ. ಇದ್ಯಾವುದನ್ನೂ ಯಾರೂ ಯೋಜಿಸಿರಲಿಲ್ಲ!

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಮಾತು 19ನೇ ಶತಮಾನದಲ್ಲೇ ಆರ್ಥರ್ ಕಾಟನ್ನನ ಕಾಲಕ್ಕೇ ಇತ್ತು. ಮದ್ರಾಸ್ ಸರ್ಕಾರಕ್ಕೂ ಹೈದರಾಬಾದಿನ ನಿಜಾಮ ಸರ್ಕಾರಕ್ಕೂ ಒಪ್ಪಂದವಾಗಿ, 1945ರಲ್ಲಿ ಹೊಸಪೇಟೆಯ ಬಳಿ ಕೆಲಸ ಶುರುವಾಯಿತು. ಮುಂದಿನ ಎಂಟು ವರ್ಷಗಳ ನಡುವೆ ಸ್ವಾತಂತ್ರ್ಯ ಬಂತು, ನಿಜಾಮರ ಆಳ್ವಿಕೆ ಹೋಯಿತು, ರಾಜ್ಯಗಳ ಗಡಿಗಳೇ ಬದಲಾಗುವ ಕಾಲ ಹತ್ತಿರವಾಯಿತು. ಅಣೆಕಟ್ಟಿನ ಕೆಲಸ ಮಾತ್ರ ನಿಲ್ಲಲಿಲ್ಲ, 1953ರಲ್ಲಿ ನೀರು ಹರಿಯಿತು. ಎಡದಂಡೆ ಕಾಲುವೆ ಮುನಿರಾಬಾದಿನಿಂದ ಹೊರಟು, ಗಂಗಾವತಿಯ ಬಳಿ ಬೆಟ್ಟವನ್ನೇ ಕೊರೆದ ಪಾಪಯ್ಯ ಸುರಂಗದೊಳಗೆ ನುಗ್ಗಿ ಹೊರಬಂದು, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ಹಾದು ರಾಯಚೂರಿನ ಕಡೆ 227 ಕಿಲೋಮೀಟರ್ ಹರಿಯುತ್ತದೆ. ಸುಮಾರು 6 ಲಕ್ಷ ಎಕರೆ ಅಚ್ಚುಕಟ್ಟು.

ಆದರೆ ಕಾಗದದ ಮೇಲೆ ಈ ಕಾಲುವೆ ಭತ್ತದ್ದಲ್ಲ! ಬರಗಾಲದ ನಾಡಿಗೆ ಆಸರೆಯ ನೀರು ಕೊಡಬೇಕು, ಸ್ವಲ್ಪ ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ಹಂಚಬೇಕು, ಜೋಳ, ಶೇಂಗಾ, ಹತ್ತಿ ಬೆಳೆಯಲಿ ಎನ್ನುವುದು ಎಂಜಿನಿಯರುಗಳ ಲೆಕ್ಕ. ಯಾವ ಸರ್ವೆ ನಂಬರಿಗೆ ಕಡಿಮೆ ನೀರಿನ ಅರೆಖುಷ್ಕಿ ಬೆಳೆ, ಯಾವುದಕ್ಕೆ ಭತ್ತ ಎಂದು ಮೊದಲೇ ಬರೆದಿಟ್ಟಿದ್ದರು. ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ನೀರು ಬಂದ ಮೇಲೆ ಆದದ್ದೇ ಬೇರೆ. ಡಚ್ ವಿದ್ವಾಂಸ ಪೀಟರ್ ಮೊಲಿಂಗಾ ಈ ಒಂದು ಕಾಲುವೆಯನ್ನೇ ಹಿಡಿದು, ಯಾವ ತೂಬು ಯಾರ ಕೈಯಲ್ಲಿ, ಯಾವ ಗೇಟು ಯಾವ ರಾತ್ರಿ ಏಕೆ ಏರಿತು ಎನ್ನುವ ಮಟ್ಟಕ್ಕೆ ಅಭ್ಯಾಸ ಮಾಡಿ ದೊಡ್ಡ ಗ್ರಂಥವನ್ನೇ ಬರೆದರು. ನೀರಾವರಿ ಓದುವ ಜಗತ್ತಿನ ವಿದ್ಯಾರ್ಥಿಗಳು ಸಿಂಧನೂರಿನ ಆಸುಪಾಸಿನ ತೂಬುಗಳ ಕಥೆಯನ್ನು ನೆದರ್ಲೆಂಡಿನಲ್ಲಿ ಕೂತು ಓದುತ್ತಾರೆ. ನಾವು ಇಲ್ಲಿರುವವರು ಎಷ್ಟು ಜನ ಓದಿದ್ದೇವೆ?

ಕಾಗದದ ಲೆಕ್ಕವನ್ನು ತಲೆಕೆಳಗು ಮಾಡಿದವರು ಯಾರು? ಬಹುಪಾಲು ಕೃಷ್ಣಾ, ಗೋದಾವರಿ ತೀರದಿಂದ ಬಂದ ತೆಲುಗು ರೈತರು. ಅಲ್ಲಿ ಒಂದೆರಡು ಎಕರೆ ಮಾರಿ ಇಲ್ಲಿ ಅದರ ಎಷ್ಟೋ ಪಟ್ಟು ಎರೆಭೂಮಿ ಕೊಂಡರು. ತಲೆಮಾರುಗಳಿಂದ ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಗೊತ್ತಿದ್ದವರಿಗೆ ಇಳಿಜಾರನ್ನು ಮಟ್ಟ ಮಾಡುವುದು, ಬದು ಕಟ್ಟುವುದು, ಸಸಿಮಡಿ ಮಾಡುವುದು ಕರಗತ. ಹೊಲದ ನಡುವೆಯೇ ಗುಡಿಸಲು ಹಾಕಿ ಕೂತ ಆ ನೆಲೆಗಳಿಗೆ ಕ್ಯಾಂಪ್ ಎಂದು ಹೆಸರಾಯಿತು. ಇಂದು ಗುಡಿಸಲೆಲ್ಲ ಆರ್‌ಸಿಸಿ ಮನೆಗಳಾಗಿ, ಗಾಂಧಿನಗರದಂಥ ಕ್ಯಾಂಪುಗಳು ಊರುಗಳೇ ಆಗಿದ್ದರೂ ಹೆಸರಿನ ಬಾಲ ಹಾಗೇ ಉಳಿದಿದೆ. ಸ್ಥಳೀಯರು ಮೊದಮೊದಲು ನೋಡಿದರು, ಆಮೇಲೆ ಕೂಲಿಗೆ ಹೋದರು, ಕಲಿತರು, ತಾವೂ ನೆಟ್ಟರು. ನೀರಿನ ಬೆಲೆ ತಿಳಿಯುವ ಮೊದಲೇ ಅಗ್ಗಕ್ಕೆ ಹೊಲ ಮಾರಿಕೊಂಡು, ತಮ್ಮದೇ ಹೊಲದಲ್ಲಿ ಕೂಲಿಗೆ ನಿಂತ ಮನೆಗಳೂ ಇವೆ. ಆ ನೋವು ಈ ಸಂಪತ್ತಿನ ಜೊತೆಜೊತೆಗೇ ಬೆಳೆದದ್ದು.

ಇಷ್ಟಕ್ಕೇ ನಿಲ್ಲಲಿಲ್ಲ. 1971ರ ಆಸುಪಾಸಿನಲ್ಲಿ ಇನ್ನೊಂದು ದಂಡು ಬಂತು, ಇನ್ನೂ ದೂರದಿಂದ. ಪೂರ್ವ ಪಾಕಿಸ್ತಾನದಿಂದ ಉಟ್ಟ ಬಟ್ಟೆಯಲ್ಲಿ ಹೊರಟ ಬಂಗಾಳಿ ಕುಟುಂಬಗಳನ್ನು ಸರ್ಕಾರ ಸಿಂಧನೂರು ತಾಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಗೊಳಿಸಿತು. ಆರ್.ಎಚ್. ಕ್ಯಾಂಪ್ ಒಂದು, ಎರಡು, ಮೂರು ಎಂದು ಅವಕ್ಕೆ ಅಂಕಿಯೇ ಹೆಸರು. ಪದ್ಮಾ, ಮೇಘನಾ ನದಿಗಳ ಮುಖಜಭೂಮಿಯಿಂದ ಎದ್ದು ಬಂದವರು ರಾಯಚೂರಿನ ಬಿಸಿಲಿನಲ್ಲಿ ಮತ್ತೆ ಭತ್ತ ನೆಟ್ಟರು, ಕೆರೆ ತೋಡಿ ಮೀನು ಬಿಟ್ಟರು, ದುರ್ಗಾಪೂಜೆಗೆ ಪೆಂಡಾಲು ಹಾಕಿದರು. ಅವರ ಮಕ್ಕಳು, ಮೊಮ್ಮಕ್ಕಳು ಮನೆಯಲ್ಲಿ ಬಂಗಾಳಿ, ಗಂಜಿನಲ್ಲಿ ಕನ್ನಡ, ಪಕ್ಕದ ಕ್ಯಾಂಪಿನಲ್ಲಿ ತೆಲುಗು ಆಡುತ್ತಾರೆ. ಕೆಲವರಿಗೆ ಪೌರತ್ವದ ಪ್ರಮಾಣಪತ್ರ ಕೈಗೆ ಬಂದದ್ದು 2024ರಲ್ಲಿ, ಐದು ದಶಕ ಕಳೆದ ಮೇಲೆ! ಸಿಂಧನೂರಿನ ಒಂದೇ ಬೀದಿಯಲ್ಲಿ ಮಂಡಾಳು ಒಗ್ಗರಣಿ ಮಿರ್ಚಿ, ಜೋಳದ ರೊಟ್ಟಿ ಪುಂಡಿಪಲ್ಯ, ಆಂಧ್ರ ಮೆಸ್ಸಿನ ಗೋಂಗೂರ, ಬಂಗಾಳಿಗಳು ತಂದ ಕೆರೆ ಮೀನು ಎಲ್ಲ ಸಿಗುವುದರ ಹಿಂದೆ ಇಷ್ಟು ದೊಡ್ಡ ಇತಿಹಾಸವಿದೆ.

ಈಗ ಕಾಲುವೆ ಬಿಟ್ಟು ಮತ್ತೆ ಗುಡ್ಡದ ಕಡೆ ತಿರುಗೋಣ. ಏಕೆಂದರೆ ಈ ನೆಲ ಹೊರಗಿನವರನ್ನು ಸೆಳೆದದ್ದು ಇದೇ ಮೊದಲಲ್ಲ. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ಚಿನ್ನ ತೆಗೆಯುತ್ತಾರೆ. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೆ ದೇಶದ ಗಣಿ ಚಿನ್ನದ ಭಾರ ಬಹುಪಾಲು ಬಿದ್ದದ್ದು ಈ ಹಟ್ಟಿಯ ಮೇಲೆ. ಮಲ್ಲಪ್ಪ ಶಾಫ್ಟಿನಲ್ಲಿ ತೊಟ್ಟಿಲೇರಿ ಸಾವಿರಾರು ಅಡಿ ಆಳಕ್ಕೆ ಇಳಿಯುತ್ತಾರೆ, ಒಂದು ಟನ್ ಕಲ್ಲು ಪುಡಿ ಮಾಡಿದರೆ ಕೆಲವೇ ಗ್ರಾಂ ಚಿನ್ನ. 1947ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿಯೇ ಇಂದಿನ ಹಟ್ಟಿ ಚಿನ್ನದ ಗಣಿ ಕಂಪನಿ. ಅದಕ್ಕೂ ಮೊದಲು, 20ನೇ ಶತಮಾನದ ಆರಂಭದಲ್ಲಿ, ಇಂಗ್ಲಿಷರು ಇಲ್ಲಿ ಗಣಿ ಇಳಿದಿದ್ದರು. ಇಳಿದವರಿಗೆ ಕಂಡದ್ದೇನು? ತಮಗಿಂತ ಎಷ್ಟೋ ಮೊದಲು ಯಾರೋ ಇಳಿದು ಹೋಗಿದ್ದರು! 600 ಅಡಿಗೂ ಆಳಕ್ಕೆ. ಸುಮಾರು ಎರಡು ಸಾವಿರ ವರ್ಷದ ಹಿಂದೆ, ಸಿಡಿಮದ್ದಿಲ್ಲದೆ, ವಿದ್ಯುತ್ತಿಲ್ಲದೆ, ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ತಣ್ಣೀರೆರಚಿ ಬಿರಿಯಿಸಿ, ಒಡೆದು, ಕೈಯಿಂದ ಕೈಗೆ ಮೇಲಕ್ಕೆ ಸಾಗಿಸಿ! ಇಷ್ಟು ಆಳದ ಪ್ರಾಚೀನ ಗಣಿ ಜಗತ್ತಿನಲ್ಲೇ ಅಪರೂಪ.

ಆ ಚಿನ್ನದ ಹುಡುಕಾಟದಲ್ಲೇ ಇನ್ನೊಂದು ಸಿಕ್ಕಿತು. 1915ರ ಜನವರಿಯಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಮಸ್ಕಿಯ ಗುಡ್ಡ ಸುತ್ತುತ್ತಿದ್ದ. ಬಂಡೆಯೊಂದರ ಮೇಲೆ ಅಕ್ಷರ ಕಂಡ. ಅದು ಬ್ರಾಹ್ಮಿ, ಪ್ರಾಕೃತ. ಓದಿದಾಗ ಇತಿಹಾಸಕಾರರ ಎದೆ ಹಾರಿತು. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕ ಶಾಸನಗಳಲ್ಲಿ ರಾಜನ ಬಿರುದುಗಳು ಮಾತ್ರ ಇದ್ದವು, ದೇವಾನಂಪ್ರಿಯ, ಪ್ರಿಯದರ್ಶಿ ಎಂದು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಲಿಪಿ ಬಿಡಿಸಿದಾಗಿನಿಂದ, ಆ ಪ್ರಿಯದರ್ಶಿಯೇ ಅಶೋಕ ಎನ್ನುವುದಕ್ಕೆ ಸಿಂಹಳದ ಗ್ರಂಥಗಳ ಆಧಾರವಿತ್ತೇ ಹೊರತು ಕಲ್ಲಿನ ಸಾಕ್ಷಿ ಇರಲಿಲ್ಲ. ಆ ಸಾಕ್ಷಿ ಕೊಟ್ಟದ್ದು ಮಸ್ಕಿ! ಇಲ್ಲಿ ಬಿರುದಿನ ಜೊತೆಗೇ ಹೆಸರಿದೆ: ಅಶೋಕ. ಪಾಟಲಿಪುತ್ರದಿಂದ ಇಷ್ಟು ದೂರದಲ್ಲಿ, ನಮ್ಮ ರಾಯಚೂರಿನ ಬಂಡೆಯ ಮೇಲೆ, ಚಕ್ರವರ್ತಿ ತನ್ನ ಹೆಸರು ಹೇಳಿಕೊಂಡ. ಆಮೇಲೆ ಸಿಂಧನೂರಿನ ಆಚೆ, ಹೊಳೆ ದಾಟಿದರೆ ಸಿರುಗುಪ್ಪ ತಾಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಅದೇ ಹೆಸರು ಸಿಕ್ಕಿತು. ಮೌರ್ಯರ ದಕ್ಷಿಣದ ರಾಜಧಾನಿ ಸುವರ್ಣಗಿರಿ ಇದೇ ಸೀಮೆಯಲ್ಲಿತ್ತು ಎಂದು ಹೇಳುವ ವಿದ್ವಾಂಸರಿದ್ದಾರೆ, ಕೆಲವರು ಕನಕಗಿರಿ ಎನ್ನುತ್ತಾರೆ, ಕೆಲವರು ಮಸ್ಕಿ. ಯಾವುದಾದರೂ ಆಗಲಿ, ಚಿನ್ನ ಇದ್ದಲ್ಲಿಗೆ ಸಾಮ್ರಾಜ್ಯ ಬಂದೇ ಬರುತ್ತದೆ.

1954ರಲ್ಲಿ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆದಾಗ ಅಶೋಕನಿಗಿಂತ ಎಷ್ಟೋ ಹಿಂದಿನ, ಕಲ್ಲಿನ ಕೊಡಲಿ ಹಿಡಿದವರ ವಸತಿ ಕಂಡಿತು. ಈಚಿನ ವರ್ಷಗಳಲ್ಲಿ ಅಮೆರಿಕ, ಕೆನಡಾ, ಭಾರತದ ಸಂಶೋಧಕರು ಕೂಡಿ ಅದೇ ಗುಡ್ಡದ ಸುತ್ತ ಕೆಲಸ ಮಾಡಿ ಸುಮಾರು 4,000 ವರ್ಷ ಹಿಂದಿನ ಬದುಕಿನ ಕುರುಹುಗಳನ್ನು ಎತ್ತಿದ್ದಾರೆ. ಸಿಂಧನೂರಿನ ಟ್ರ್ಯಾಕ್ಟರ್ ಶೋರೂಮಿನಿಂದ ಅಲ್ಲಿಗೆ ಒಂದು ತಾಸಿನೊಳಗಿನ ದಾರಿ!

ಸಂತೆಕಲ್ಲೂರಿನ ವಿಷಯ ಇನ್ನೂ ಹೇಳಿಲ್ಲ. ಕಾಲುವೆ ಬರುವುದಕ್ಕೂ ಬಹಳ ಮೊದಲು, 19ನೇ ಶತಮಾನದಲ್ಲಿ, ಈ ಊರಿನ ಘನಮಠದ ನಾಗಭೂಷಣ ಶಿವಯೋಗಿಗಳು ಒಂದು ಪುಸ್ತಕ ಬರೆದರು. ಹೆಸರು ‘ಕೃಷಿ ಜ್ಞಾನ ಪ್ರದೀಪಿಕೆ’. ಮಠದ ಸ್ವಾಮಿಗಳು ಬೇಸಾಯದ ಮೇಲೆ, ಕನ್ನಡದಲ್ಲಿ, ಆ ಕಾಲಕ್ಕೆ! ಕೃಷಿ ಕಾಲೇಜು ಎಂಬ ಮಾತೇ ಈ ಭಾಗದಲ್ಲಿ ಕೇಳಿರದಿದ್ದಾಗ, ರಾಯಚೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಂದು ಶತಮಾನಕ್ಕೂ ಮೊದಲು, ಒಕ್ಕಲುತನ ಬರೆದಿಡಬೇಕಾದ ವಿದ್ಯೆ ಎಂದು ಅವರಿಗೆ ಹೊಳೆದಿತ್ತು. ಹೊಲ ಉಳುವವನ ಜ್ಞಾನಕ್ಕೆ ಗ್ರಂಥದ ಗೌರವ ಕೊಟ್ಟ ಊರು ಇದು. ಭತ್ತದ ನಗರಕ್ಕೆ ಹೊರಟವರು ದಾರಿಯಲ್ಲಿ ಇಲ್ಲಿ ಇಳಿಯದೆ ಹೋಗಬಾರದೆಂದು ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ.

ಮತ್ತೆ ಸಿಂಧನೂರು. ಅಲ್ಲಿನ ಚಹಾದಂಗಡಿಯಲ್ಲಿ ಜುಲೈ ತಿಂಗಳಿನಿಂದ ಮುಂದಕ್ಕೆ ಒಂದೇ ಪ್ರಶ್ನೆ: ‘ಮೈಲ್ 69ಕ್ಕ ಗೇಜ್ ಎಷ್ಟೈತ್ರಿ?’ ಕಾಲುವೆಯ 69ನೇ ಮೈಲಿನಲ್ಲಿ, 104ನೇ ಮೈಲಿನಲ್ಲಿ ನೀರು ಎಷ್ಟು ಅಡಿ ಇದೆ ಎಂಬ ಅಂಕಿಯನ್ನು ಹೊಲ ಇರುವವರು, ಇಲ್ಲದವರು, ಬಟ್ಟೆ ಅಂಗಡಿಯವರು ಎಲ್ಲರೂ ಬಲ್ಲರು. ಅಲ್ಲಿ ಗೇಜ್ ಇಳಿದರೆ ಕೆಳಭಾಗದ ಮಾನ್ವಿ, ಸಿರವಾರದ ರೈತರು ರಸ್ತೆಗಿಳಿಯುತ್ತಾರೆ. ಮೇಲ್ಭಾಗದವರು ಭತ್ತಕ್ಕೆ ನಿಂತಷ್ಟೂ ಕೆಳಗಿನವರ ತೂಬು ಒಣಗುತ್ತದೆ. ಈ ಜಗಳ ಕಾಲುವೆಯಷ್ಟೇ ಹಳೆಯದು. ಜಲಾಶಯದಲ್ಲಿ ಹೂಳು ತುಂಬಿ 133 ಟಿಎಂಸಿ ಅಡಿ ಇದ್ದ ಸಾಮರ್ಥ್ಯ 105ರ ಆಸುಪಾಸಿಗೆ ಇಳಿದಿದೆ. ನೀರು ನಿಂತು ನಿಂತು ಸವಳಾದ ಹೊಲಗಳೂ ಅಚ್ಚುಕಟ್ಟಿನಲ್ಲಿ ಹೆಚ್ಚುತ್ತಿವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ನೆಲದಡಿಯಲ್ಲಿ ಪೈಪು ಹೂತು ಉಪ್ಪುನೀರು ಬಸಿಯುವ ಪ್ರಯೋಗಗಳನ್ನು ವರ್ಷಗಳಿಂದ ನಡೆಸಿದೆ.

2024ರ ಆಗಸ್ಟ್ 10ರ ರಾತ್ರಿ ಈ ನಗರದ ಉಸಿರೇ ನಿಂತಂತಾಯಿತು. ತುಂಬಿದ್ದ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ನಾಟಿ ಮುಗಿಯುತ್ತ ಬಂದಿತ್ತು, ಸಾಲ ತಂದು ಗೊಬ್ಬರ ಹಾಕಿಯಾಗಿತ್ತು, ಆ ನೀರು ಕಣ್ಣೆದುರೇ ಹೊಳೆಗೆ ಹರಿಯುತ್ತಿತ್ತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನ ಮೇಲೆಯೇ ಕ್ರೇನುಗಳಿಂದ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಏಳು ದಶಕದ ಅಣೆಕಟ್ಟಿನಲ್ಲಿ ಅಂಥ ಕೆಲಸ! ಆಮೇಲೆ ಮಳೆಯೂ ಕೈಹಿಡಿದು ಜಲಾಶಯ ಮತ್ತೆ ತುಂಬಿತು. ಎಲ್ಲ ಗೇಟುಗಳನ್ನೂ ಬದಲಿಸಬೇಕೆಂಬ ನಿರ್ಧಾರಕ್ಕೆ ಕಾರಣವಾದದ್ದು ಆ ರಾತ್ರಿ. ಒಂದು ಸರಪಳಿಯ ಕೊಂಡಿಗೆ ಇಡೀ ನಗರ ನೇತುಬಿದ್ದಿದೆ ಎನ್ನುವುದು ಅಂದು ಎಲ್ಲರಿಗೂ ಕಂಡಿತು.

ಗೆರೆಯ ಈಚೆ ಇರುವವರ ಆಸೆಯನ್ನೂ ಕೇಳಬೇಕು. ಮಸ್ಕಿ, ಲಿಂಗಸುಗೂರು ತಾಲೂಕುಗಳ ಒಣಹೊಲದ ಮನೆಗಳಿಗೆ ಇಂದಿಗೂ ಬೇಸಿಗೆಯಲ್ಲಿ ಬೀಗ. ಗಂಡ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಕಟ್ಟಡಗಳಿಗೆ ಗುಳೆ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕೆಂದು 2020ರಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು, ಮರುವರ್ಷದ ಮಸ್ಕಿ ಉಪಚುನಾವಣೆಯಲ್ಲಿ ಅದೇ ದೊಡ್ಡ ಮಾತಾಯಿತು. ಪಂಜಾಬಿನಿಂದ ಯಂತ್ರ ತರಿಸುವ ಊರಿಗೂ ಬೆಂಗಳೂರಿಗೆ ಗುಳೆ ಹೋಗುವ ಊರಿಗೂ ನಡುವೆ ಇರುವುದು ಒಂದು ತಾಸಿನ ದಾರಿ, ಒಂದು ಕಾಲುವೆ.

ಆದರೆ ಈ ಎರಡು ನೆಲಗಳ ನಡುವೆ ಒಂದು ಹೊಸ ನಂಟು ಬೆಳೆಯುತ್ತಿರುವುದನ್ನು ನೋಡಿದರೆ ಖುಷಿಯಾಗುತ್ತದೆ. ಕೂರಿಗೆ ಗೊತ್ತಲ್ಲ, ಜೋಳ ಬಿತ್ತುವ ಕೂರಿಗೆ? ಅದು ಗದ್ದೆಗೆ ಇಳಿದಿದೆ! ಕಾಲುವೆಯ ಕೊನೆಭಾಗದ ರೈತರು ನೀರಿಗಾಗಿ ಕಾದು ಸಾಕಾಗಿ, ಸಸಿಮಡಿಯನ್ನೂ ಕೆಸರನ್ನೂ ನಾಟಿಯನ್ನೂ ಬಿಟ್ಟು, ಮುಂಗಾರಿನ ಹಸಿಗೇ ಭತ್ತವನ್ನು ಒಣನೆಲದಲ್ಲಿ ಸಾಲುಸಾಲಾಗಿ ಬಿತ್ತುತ್ತಾರೆ. ಕೂರಿಗೆ ಈಗ ಟ್ರ್ಯಾಕ್ಟರಿನ ಹಿಂದಿದೆ, ಅಷ್ಟೇ ಬದಲಾವಣೆ. ಕಾಲುವೆ ನೀರು ಬರುವ ಹೊತ್ತಿಗೆ ಪೈರು ಗೇಣುದ್ದ. ನೀರು ಉಳಿಯುತ್ತದೆ, ಡೀಸೆಲ್ ಉಳಿಯುತ್ತದೆ. ಕಳೆ ಕಾಟ ಇದ್ದೇ ಇದೆ, ಅದಕ್ಕೆ ಸರಿಯಾದ ಉಪಾಯ ಕಾಣಲು ರೈತರೂ ರಾಯಚೂರಿನ ಕೃಷಿ ವಿಜ್ಞಾನಿಗಳೂ ಕೂಡಿ ದುಡಿದಿದ್ದಾರೆ. ಸಂತೆಕಲ್ಲೂರಿನ ಎರೆಹೊಲದ ಒಕ್ಕಲಿಗನಿಗೆ ತಲೆತಲಾಂತರದಿಂದ ಗೊತ್ತಿದ್ದ ವಿದ್ಯೆಯನ್ನು ಭತ್ತದ ಸೀಮೆ ಈಗ ಕಲಿಯುತ್ತಿದೆ.

ನೀವು ಹೋಗುವುದಾದರೆ ಈಗ ರೈಲೂ ಇದೆ. 1990ರ ದಶಕದಲ್ಲಿ ಮಂಜೂರಾದ ಮುನಿರಾಬಾದ್–ಮೆಹಬೂಬನಗರ ಮಾರ್ಗ ಗಂಗಾವತಿ ಮುಟ್ಟಿ, ಕಾರಟಗಿ ಮುಟ್ಟಿ, 2024ರ ಮಾರ್ಚಿನಲ್ಲಿ ಸಿಂಧನೂರಿಗೆ ಪ್ರಯಾಣಿಕರನ್ನು ತಂದಿಳಿಸಿತು. ಹುಬ್ಬಳ್ಳಿಯಲ್ಲಿ ಹತ್ತಿದರೆ ಸಿಂಧನೂರಿನಲ್ಲೇ ಇಳಿಯಬಹುದು. ರಾಯಚೂರಿನವರೆಗಿನ ಹಳಿ ಮುಗಿದರೆ ಹೈದರಾಬಾದಿನ ಕಡೆಗೂ ದಾರಿ ತೆರೆಯುತ್ತದೆ. ನವೆಂಬರ್ ಕೊನೆಯಲ್ಲಿ ಹೋಗಿ. ಕಟಾವು ಯಂತ್ರಗಳು ಗದ್ದೆಯಲ್ಲಿರುತ್ತವೆ, ಹೊಸ ಭತ್ತ ಗಂಜಿಗೆ ಬರುತ್ತಿರುತ್ತದೆ, ಮಿಲ್ಲುಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಯಾರನ್ನಾದರೂ ಕೇಳಿ ಸಾರ್ಟೆಕ್ಸ್ ಕೋಣೆ ನೋಡಿ, ಮರುದಿನ ಮಸ್ಕಿಯ ಬಸ್ಸು ಹಿಡಿದು ಅಶೋಕನ ಬಂಡೆ ನೋಡಿ, ಅಲ್ಲಿಂದ ಸಂತೆಕಲ್ಲೂರಿನ ಮಠಕ್ಕೆ ಹೋಗಿ ‘ಕೃಷಿ ಜ್ಞಾನ ಪ್ರದೀಪಿಕೆ’ಯ ಪ್ರತಿ ಇದೆಯೇ ಎಂದು ವಿಚಾರಿಸಿ.